ಕಾಡಿಗೆ ಹೋಗಬೇಡಿ ಅಂದ್ರೆ ಕೂಲಿ ಯಾರು ಕೊಡ್ತಾರೆ?

ಕ್ಯಾಸನೂರು ಎಲ್ಲಿದೆ ಅಂತ ನಮ್ಮ ಕ್ಯಾಂಟೀನಿನಲ್ಲಿ ಕೇಳಿ ನೋಡಿ. ಶಿವಮೊಗ್ಗ ಕಡೆಯ ಒಬ್ಬಿಬ್ಬರು ಬಿಟ್ಟರೆ ಉಳಿದವರೆಲ್ಲ ಗೂಗಲ್ ಮ್ಯಾಪ್ ತೆಗೀತಾರೆ. ಆದರೆ ಜಗತ್ತಿನ ಯಾವುದೇ ವೈರಾಲಜಿ ಪುಸ್ತಕ ತೆಗೆದರೂ ಎಬೋಲಾ, ಮಾರ್ಬರ್ಗ್ ಇರುವ ಸಾಲಿನಲ್ಲೇ ಈ ಹೆಸರೂ ಇರುತ್ತೆ. ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು, ಪಕ್ಕದ ಹಳ್ಳಿಯ ಹೆಸರು. ಜಗತ್ತಿನ ಪುಸ್ತಕಗಳಲ್ಲಿರೋ ಹೆಸರು ನಮಗೆ ಗೊತ್ತಿಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಇದು ಮೊದಲು ‘ಕೆಎಫ್‌ಡಿ’ ಅಂತ ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಸಿಕ್ಕಿದ್ದು. ಅಜ್ಜಿ ಮನೆ ಕಡೆ ಹೇಳೋ ‘ಮಂಗನ ಕಾಯಿಲೆ’ ಇದೇ ಅಂತ ಆಮೇಲೆ ಗೊತ್ತಾಯ್ತು. ಎರಡು ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತೆ. ಇಂಗ್ಲಿಷ್ ಹೆಸರು ತಪ್ಪನ್ನು ಕಾಡಿನ ಮೇಲೆ ಹಾಕುತ್ತೆ, ಕನ್ನಡದ ಹೆಸರು ಮಂಗನ ಮೇಲೆ ಹಾಕುತ್ತೆ. ಕಚ್ಚೋದು ಉಣುಗು, ಅದರ ಹೆಸರು ಎರಡರಲ್ಲೂ ಇಲ್ಲ. ಕಚ್ಚಿಸಿಕೊಳ್ಳೋರು ಯಾರು ಅನ್ನೋದಂತೂ ಇಲ್ಲವೇ ಇಲ್ಲ. (ಕಾಯಿಲೆಗೆ ಊರಿನ ಹೆಸರು, ಪ್ರಾಣಿಯ ಹೆಸರು ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅಷ್ಟರಲ್ಲಿ ಕ್ಯಾಸನೂರಿಗೆ ಹೆಸರು ಅಂಟಿ 58 ವರ್ಷ ಆಗಿತ್ತು.)

ಈ ಲೇಖನದಲ್ಲಿ ನಾನು ಕೇಳಬೇಕು ಅಂದುಕೊಂಡಿರೋದು ಆ ಕೊನೆಯ ಪ್ರಶ್ನೆಯನ್ನೇ. ಕಚ್ಚಿಸಿಕೊಳ್ಳೋರು ಯಾರು, ಯಾಕೆ ಅವರೇ?

ಮೊದಲು ಕತೆ ಚಿಕ್ಕದಾಗಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋಕೆ ಶುರುವಾದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೂ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅವರ ಮೊದಲ ಭಯ ಹಳದಿ ಜ್ವರ, ಯೆಲ್ಲೋ ಫೀವರ್. ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲೋ ಆ ಕಾಯಿಲೆ ಏಷ್ಯಾಕ್ಕೆ ಬಂದೇಬಿಟ್ಟಿತಾ ಅಂತ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಬೇರೆಯದೇ ವೈರಸ್. ಸೈಬೀರಿಯಾ ಕಡೆ ಉಣುಗಿನಿಂದ ಹರಡೋ ಮೆದುಳುಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ರಷ್ಯಾ ಎಲ್ಲಿ, ಸೊರಬ ಎಲ್ಲಿ! ವಲಸೆ ಹಕ್ಕಿಗಳು ತಂದಿರಬಹುದಾ ಅನ್ನೋ ಅನುಮಾನಕ್ಕೆ ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಅಧ್ಯಯನ ಮಾಡಿತು. ಭಾರತದಲ್ಲಿ ಹಕ್ಕಿ ವಲಸೆಯ ದೊಡ್ಡ ಅಧ್ಯಯನಕ್ಕೆ ನಮ್ಮ ಸೊರಬದ ಜ್ವರವೂ ಒಂದು ಕಾರಣ ಅನ್ನೋದು ನನಗೆ ಇಷ್ಟವಾದ ಮಾಹಿತಿ. ಅದೇನೇ ಇರಲಿ, ಮೊದಲ ಒಂದೂವರೆ ದಶಕ ಕಾಯಿಲೆ ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳ ಸುತ್ತಲೇ ಇತ್ತು. ಆಮೇಲೆ ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು. 2012ರಲ್ಲಿ ಬಂಡೀಪುರ. ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ.

ವೈರಸ್ ಹೇಗೆ ಓಡಾಡುತ್ತೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಅರ್ಥ ಆಗುತ್ತೆ. ಕಾಡಿನ ಇಲಿ, ಮೂಗಿಲಿ, ಉಣುಗುಗಳ ನಡುವೆ ವೈರಸ್ ಸದ್ದಿಲ್ಲದೆ ಸುತ್ತುತ್ತಾ ಇರುತ್ತೆ. ಮಂಗಕ್ಕೆ ತಗುಲಿದರೆ ಮಂಗ ಸಾಯುತ್ತೆ. ಸತ್ತ ಮಂಗನ ಮೈಯಿಂದ ಉಣುಗುಗಳು ಉದುರಿ ಆ ಜಾಗವೇ ಒಂದು ಅಪಾಯದ ಕೇಂದ್ರ ಆಗುತ್ತೆ. ಅಂದರೆ ಮಂಗ ಅಪರಾಧಿ ಅಲ್ಲ, ನಮ್ಮ ಹಾಗೇ ಅದೂ ಬಲಿ. ಅದು ಮೊದಲು ಸತ್ತು ನಮಗೆ ಸೂಚನೆ ಕೊಡುತ್ತೆ ಅಷ್ಟೇ. ದನಗಳಿಗೆ ಕಾಯಿಲೆ ಬರಲ್ಲ. ಆದರೆ ಬಲಿತ ಉಣುಗುಗಳಿಗೆ ರಕ್ತ ಕೊಟ್ಟು ಅವುಗಳ ಸಂಖ್ಯೆ ಹೆಚ್ಚಾಗೋಕೆ ಮೇಯೋ ದನಗಳೇ ಆಧಾರ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡಲ್ಲ. ಈ ಮಾತನ್ನು ದೊಡ್ಡದಾಗಿ ಬರೆದು ಬಸ್‌ಸ್ಟ್ಯಾಂಡಿನಲ್ಲಿ ಹಾಕಬೇಕು, ಯಾಕಂದರೆ ಕಾಯಿಲೆ ಬಂದ ಮನೆಗೆ ಹೋಗೋಕೆ ಹೆದರೋ ಜನ ಇನ್ನೂ ಇದ್ದಾರೆ.

ಇನ್ನು ಕಾಲ. ಮಳೆಗಾಲ ಮುಗಿದ ಮೇಲೆ ಉಣುಗಿನ ಮರಿಗಳು ನೆಲದ ಮೇಲಿನ ಒಣಎಲೆಯಲ್ಲಿ ತುಂಬಿಕೊಳ್ಳುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕವು, ಮೈಮೇಲೆ ಹತ್ತಿದರೆ ಗೊತ್ತೇ ಆಗಲ್ಲ. ಡಿಸೆಂಬರಿನಿಂದ ಮೇವರೆಗೆ ಇವುಗಳ ಹಾವಳಿ, ಜನರಿಗೆ ಜ್ವರ ಬರೋದೂ ಅದೇ ತಿಂಗಳುಗಳಲ್ಲಿ.

ಈಗ ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಬಡವರು ಏನು ಮಾಡ್ತಾರೆ ಅಂತ ನೋಡಿ. ಗದ್ದೆ ಕೊಯ್ಲು ಮುಗಿದಿರುತ್ತೆ. ಕಾಡಿನಲ್ಲಿ ಎಲೆ ಉದುರಿರುತ್ತೆ. ದರಗು ತರೋ ಕಾಲ. ದರಗು ಅಂದರೆ ಒಣಗಿ ಬಿದ್ದ ತರಗೆಲೆ. ಅದನ್ನು ಗುಡಿಸಿ, ಹೆಡಿಗೆಗೋ ಚಾದರಕ್ಕೋ ತುಂಬಿ, ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸ್ತಾರೆ. ಸೆಗಣಿ, ಗಂಜಲ ಬೆರೆತು ಅದೇ ಗೊಬ್ಬರ ಆಗಿ ಅಡಿಕೆ ತೋಟಕ್ಕೆ ಹೋಗುತ್ತೆ. ಇದೇ ತಿಂಗಳುಗಳಲ್ಲಿ ಮಳೆಗಾಲಕ್ಕೆ ಸೌದೆ ಕೂಡಿಸಬೇಕು. ದನ ಮೇಯಿಸೋಕೂ ಕಾಡೇ. ಉಣುಗಿನ ಮರಿ ಎಲ್ಲಿ, ಯಾವಾಗ ಇರುತ್ತೋ ಸರಿಯಾಗಿ ಅಲ್ಲೇ, ಆವಾಗಲೇ, ಮಂಡಿಯೂರಿ ಕೂತು ಕೈಯಿಂದ ಎಲೆ ಬಾಚೋ ಕೆಲಸ ಇದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎರಡು ಗ್ರಾಫಿನ ಪೀಕ್ ಒಂದರ ಮೇಲೊಂದು ಕೂತಿದೆ.

ಆ ಕೆಲಸಕ್ಕೆ ಹೋಗೋರು ಯಾರು? ಮಲೆನಾಡಿನಲ್ಲಿ ಸೊಪ್ಪಿನಬೆಟ್ಟ ಅಂತ ಒಂದು ವ್ಯವಸ್ಥೆ ಇದೆ. ಅಡಿಕೆ ತೋಟ ಇದ್ದವರಿಗೆ ತೋಟಕ್ಕೆ ಸೊಪ್ಪು, ದರಗು ತೆಗೆದುಕೊಳ್ಳೋಕೆ ಪಕ್ಕದ ಕಾಡಿನ ಮೇಲೆ ಸಿಕ್ಕ ಹಳೇ ಹಕ್ಕು, ಬ್ರಿಟಿಷರ ಕಾಲದಿಂದ ಬಂದದ್ದು. ಹಕ್ಕು ತೋಟದ ಮಾಲೀಕರದ್ದು. ಬೆಟ್ಟಕ್ಕೆ ಹೋಗೋದು ಹೆಚ್ಚಾಗಿ ಕೂಲಿಯವರು, ಅದರಲ್ಲೂ ಹೆಂಗಸರು. ತೋಟವೇ ಇಲ್ಲದವರಿಗೆ ಬೆಟ್ಟದ ಹಕ್ಕೂ ಇಲ್ಲ, ಉಣುಗು ಮಾತ್ರ ಅವರ ಪಾಲಿಗೆ. ಸಣ್ಣ ಹಿಡುವಳಿದಾರರು ತಾವೇ ಹೋಗ್ತಾರೆ, ಅದೂ ನಿಜ. ಆದರೆ ಒಂದು ಋತುವಿನಲ್ಲಿ ಒಬ್ಬರು ಎಷ್ಟು ದಿನ ತರಗೆಲೆಯಲ್ಲಿ ಕೂರ್ತಾರೆ ಅನ್ನೋ ಲೆಕ್ಕ ಹಾಕಿದರೆ, ಜಮೀನು ಕಡಿಮೆ ಆದಷ್ಟೂ ಆ ದಿನಗಳು ಹೆಚ್ಚಾಗುತ್ತವೆ.

ಪ್ರತಿ ವರ್ಷ ಮಂಗ ಸತ್ತ ಸುದ್ದಿ ಬಂದ ಕೂಡಲೇ ಒಂದು ಸೂಚನೆ ಹೊರಡುತ್ತೆ: ಕಾಡಿಗೆ ಹೋಗಬೇಡಿ. ಪಂಚಾಯ್ತಿ ಗೋಡೆ ಮೇಲೆ, ಕರಪತ್ರದಲ್ಲಿ, ಆಟೋದ ಮೈಕಿನಲ್ಲಿ. ವೈದ್ಯಕೀಯವಾಗಿ ಇದು ನೂರಕ್ಕೆ ನೂರು ಸರಿ. ಅಜ್ಜಿ ಮನೆ ತೋಟಕ್ಕೆ ಕೆಲಸಕ್ಕೆ ಬರೋ ಒಬ್ಬ ಹೆಂಗಸಿನ ಹತ್ತಿರ ಹೋದ ಬೇಸಿಗೆಯಲ್ಲಿ ಇದೇ ಮಾತು ಬಂತು. ಅವರು ನಗುತ್ತಾ ಹೇಳಿದ್ದು ಇಷ್ಟು: “ಹೋಗ್‌ಬ್ಯಾಡಿ ಅಂತ ಹೇಳಿ ಹೋಗ್ತಾರೆ ತಮ್ಮಾ. ಹೋಗ್‌ದಿದ್ರೆ ಸಂಜೆ ಕೂಲಿ ಯಾರು ಕೊಡ್ತಾರೆ? ಅವ್ರು ಕೊಡ್ತಾರಾ?” ಅವರಿಗೆ ಕಾಯಿಲೆ ಬಗ್ಗೆ ಅರಿವು ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಉಣುಗು ಯಾವ ತಿಂಗಳು ಹೆಚ್ಚು, ಯಾವ ಬೆಟ್ಟದಲ್ಲಿ ಹೆಚ್ಚು ಅಂತ ಅವರು ನನಗೆ ಪಾಠ ಮಾಡಿದರು. ಅವರ ಕೊರತೆ ಅರಿವಿನದ್ದಲ್ಲ, ಆ ತಿಂಗಳುಗಳಲ್ಲಿ ಬೇರೆ ಕೂಲಿ ಇಲ್ಲದ್ದು.

‘ಜನಜಾಗೃತಿ’ ಅನ್ನೋ ಪದ ನೋಡಿದರೇ ನನಗೆ ಈಗ ಸ್ವಲ್ಪ ಸಿಟ್ಟು ಬರುತ್ತೆ. ಜಾಗೃತಿ ಬೇಡ ಅಂತಲ್ಲ. ಆದರೆ ಸಮಸ್ಯೆ ದುಡ್ಡಿನದಾಗಿದ್ದಾಗ ಪರಿಹಾರ ಕರಪತ್ರ ಆದರೆ, ಕಾಯಿಲೆ ಬಂದವರಿಗೆ ‘ಹೇಳಿದ್ವಲ್ಲ, ಯಾಕೆ ಹೋದ್ರಿ’ ಅಂತ ಕೇಳೋಕೆ ಒಂದು ದಾರಿ ಮಾಡಿಕೊಟ್ಟ ಹಾಗೆ ಆಗುತ್ತೆ ಅಷ್ಟೆ.

ಇದು ನನ್ನ ಹೊಸ ಸಂಶೋಧನೆ ಏನಲ್ಲ. ಕೊಲಂಬಿಯಾದಿಂದ ಬಂದು ಇಲ್ಲಿ ಕೆಲಸ ಮಾಡಿದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲೇ ಬರೆದಿದ್ದರು: ಜನಸಂಖ್ಯೆ ಬೆಳೆದದ್ದು, ಕಾಡು ಕಡಿದು ಸಾಗುವಳಿ ಮಾಡಿದ್ದು, ದನಗಳು ಕಾಡಿಗೆ ನುಗ್ಗಿದ್ದು ಇವೆಲ್ಲ ಸೇರಿ ಕಾಯಿಲೆ ಹೊರಬಂತು ಅಂತ. 1987ರಲ್ಲಿ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಇದನ್ನು ‘ಅಭಿವೃದ್ಧಿಯ ಕಾಯಿಲೆ’ ಅಂತಲೇ ಕರೆದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಕಾಡು ಕಡಿದು ಗೇರು ತೋಟ ಮಾಡೋಕೆ ಹೊರಟಾಗ ದೊಡ್ಡ ಪ್ರಮಾಣದಲ್ಲಿ ಕಾಯಿಲೆ ಬಂದದ್ದನ್ನು ಅವರು ಹತ್ತಿರದಿಂದ ನೋಡಿದ್ದರು. ಇತ್ತೀಚೆಗೆ ಉಪಗ್ರಹ ನಕ್ಷೆ ಇಟ್ಟುಕೊಂಡು ಮಾಡಿದ ಅಧ್ಯಯನಗಳೂ ಹೇಳೋದು, ಅಪಾಯ ಇರೋದು ದಟ್ಟ ಕಾಡಿನ ನಡುವೆ ಅಲ್ಲ, ಕಾಡು–ತೋಟ–ಗದ್ದೆ–ಮನೆ ಒಂದಕ್ಕೊಂದು ಬೆರೆತ ಅಂಚುಗಳಲ್ಲಿ ಅಂತ. ಆ ಅಂಚಿನಲ್ಲಿ ವಾಸ ಮಾಡೋರು ಯಾರು ಅಂತ ಮತ್ತೆ ಹೇಳಬೇಕಾ? ಬಗರ್ ಹುಕುಂ ಸಾಗುವಳಿದಾರರು, ಕೂಲಿಯವರು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾಗಿ ಕಾಡಂಚಿಗೆ ಬಂದು, ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿರೋ ಕುಟುಂಬಗಳು. ಅವರ ಊರು ಮುಳುಗಿ ಬಂದ ಕರೆಂಟಿನಲ್ಲೇ ನಾವು ಲ್ಯಾಪ್‌ಟಾಪ್ ಚಾರ್ಜ್ ಮಾಡ್ತಿದ್ದೀವಿ.

ಸೊರಬದಿಂದ ದೂರ ಹೋದರೂ ಇದೇ ಚಿತ್ರ. ಬಂಡೀಪುರದಲ್ಲಿ ಕಾಯಿಲೆ ಬಂದದ್ದು ಸತ್ತ ಮಂಗಗಳನ್ನು ಸುಟ್ಟು ವಿಲೇವಾರಿ ಮಾಡಿದ ಕೆಲಸಗಾರರಿಗೆ. ವಯನಾಡಿನಲ್ಲಿ ಕಾಡಿನ ಆದಿವಾಸಿಗಳಿಗೆ. ಗೋವಾದಲ್ಲಿ ಗೇರುಬೀಜ ಆರಿಸೋ ಕೂಲಿಗಳಿಗೆ. ರಾಜ್ಯ ಬದಲಾಯ್ತು, ಬೆಳೆ ಬದಲಾಯ್ತು, ಭಾಷೆ ಬದಲಾಯ್ತು, ಬಗ್ಗಿ ನೆಲದ ಮೇಲೆ ಕೆಲಸ ಮಾಡೋ ಜನ ಮಾತ್ರ ಅದೇ ಜನ.

ಲಸಿಕೆ ವಿಷಯಕ್ಕೆ ಬರ್ತೀನಿ, ಯಾಕಂದರೆ ಸ್ನೇಹಿತರ ಹತ್ತಿರ ಈ ಮಾತು ಎತ್ತಿದಾಗೆಲ್ಲ ‘ವ್ಯಾಕ್ಸಿನ್ ಇಲ್ವಾ?’ ಅಂತ ಕೇಳ್ತಾರೆ. ಇತ್ತು. ಮೊದಲು ರಷ್ಯಾ ಕಡೆಯ ಕಾಯಿಲೆಗೆ ಮಾಡಿದ್ದ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿ ನೋಡಿದರು, ಉಪಯೋಗ ಆಗಲಿಲ್ಲ. ಆಮೇಲೆ ಕೋಳಿಮೊಟ್ಟೆಯ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ನಿಷ್ಕ್ರಿಯ ಮಾಡಿ ನಮ್ಮದೇ ಲಸಿಕೆ ತಯಾರಾಯ್ತು. ಅನೇಕ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿರೋ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಅದನ್ನು ತಯಾರಿಸುತ್ತಿದ್ದರು. 7ರಿಂದ 65 ವರ್ಷದವರಿಗೆ, ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷ ಬೂಸ್ಟರ್. 2005ರಿಂದ 2010ರವರೆಗಿನ ಅಂಕಿಅಂಶ ನೋಡಿದ ಒಂದು ಅಧ್ಯಯನದ ಪ್ರಕಾರ ಎರಡು ಡೋಸಿನ ಪರಿಣಾಮ ಸುಮಾರು ಶೇ 62, ಬೂಸ್ಟರ್ ಸೇರಿದರೆ ಶೇ 83. ತೀರಾ ಕೆಟ್ಟದ್ದೇನಲ್ಲ. ಆದರೆ ಈ ವೇಳಾಪಟ್ಟಿಯನ್ನು ದಿನಗೂಲಿಯವರ ಜಾಗದಲ್ಲಿ ನಿಂತು ಓದಿ. ಚುಚ್ಚಿದರೆ ವಿಪರೀತ ನೋವು, ಕೈ ಎತ್ತೋಕೆ ಆಗಲ್ಲ ಅನ್ನೋದು ಈ ಲಸಿಕೆಯ ಮೇಲೆ ಇದ್ದ ದೊಡ್ಡ ದೂರು. ಅಂದರೆ ಪ್ರತಿ ಡೋಸಿಗೂ ಲಸಿಕೆ ಹಾಕಿಸೋ ದಿನದ ಕೂಲಿ ಹೋಯ್ತು, ಮರುದಿನದ್ದೂ ಹೋಯ್ತು. ಬೂಸ್ಟರಿಗೆ ಬರಲಿಲ್ಲ ಅಂತ ಜನರನ್ನು ಬೈಯೋದು ಸುಲಭ.

2022ರಲ್ಲಿ ಆ ಲಸಿಕೆಯೂ ನಿಂತಿತು. ಗುಣಮಟ್ಟ ಪರೀಕ್ಷೆಯಲ್ಲಿ ಬೇಕಾದಷ್ಟು ಶಕ್ತಿ ಇಲ್ಲ ಅಂತ ಗೊತ್ತಾಗಿ ತಯಾರಿಕೆ ಕೈಬಿಟ್ಟರು. ಶಕ್ತಿ ಇಲ್ಲದ ಲಸಿಕೆ ಕೊಡದೆ ಇದ್ದದ್ದು ಸರಿಯಾದ ತೀರ್ಮಾನವೇ. ಅದರ ಜಾಗಕ್ಕೆ ಇನ್ನೊಂದು ರೆಡಿ ಇರಲಿಲ್ಲ ಅನ್ನೋದು ನನ್ನ ತಕರಾರು. ಹೊಸದನ್ನು ಅಭಿವೃದ್ಧಿ ಮಾಡೋಕೆ ಐಸಿಎಂಆರ್ ಈಗ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಜೊತೆ ಸೇರಿದೆ, ಒಳ್ಳೆಯದು.

ಇಲ್ಲಿ ಒಂದು ಹೋಲಿಕೆ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. 1957ರಲ್ಲಿ ಕ್ಯಾಸನೂರಿನ ವೈರಸ್ ಕಂಡುಹಿಡಿದ ಪುಣೆಯ ಸಂಸ್ಥೆಯೇ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ. 2020ರಲ್ಲಿ ಅದೇ ಸಂಸ್ಥೆ ಕೊರೊನಾ ವೈರಸ್ಸನ್ನು ಬೇರ್ಪಡಿಸಿ ಕೊಟ್ಟಿತು, ಅದರಿಂದ ಕೋವ್ಯಾಕ್ಸಿನ್ ತಯಾರಾಗಿ 2021ರ ಜನವರಿಯಲ್ಲಿ ತುರ್ತು ಬಳಕೆಗೆ ಅನುಮತಿಯೂ ಸಿಕ್ಕಿತು. ಒಂದು ವರ್ಷದೊಳಗೆ. ಅದೇ ಸಂಸ್ಥೆ, ಅದೇ ದೇಶ. ಆ ವೈರಸ್ಸಿಗೆ ಹನ್ನೊಂದು ತಿಂಗಳು, ಈ ವೈರಸ್ಸಿಗೆ ಅರವತ್ತೈದು ವರ್ಷ ಆದ ಮೇಲೆ ಇದ್ದದ್ದೂ ಇಲ್ಲ. ಕೊರೊನಾ ಇಡೀ ಜಗತ್ತಿಗೆ ಬಂದಿತ್ತು, ಹೋಲಿಕೆ ಸರಿಯಲ್ಲ ಅಂತ ನೀವು ಹೇಳಬಹುದು. ಒಪ್ತೀನಿ, ಮಂಗನ ಕಾಯಿಲೆ ವರ್ಷಕ್ಕೆ ಸರಾಸರಿ 400ರಿಂದ 500 ಜನಕ್ಕೆ ಬರುತ್ತೆ, ಅದರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯ್ತಾರೆ ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು. ಕಂಪನಿಗೆ ಇದು ಮಾರುಕಟ್ಟೆಯೇ ಅಲ್ಲ. ಆದರೆ ಕೊರೊನಾ ಬಂದದ್ದು ವಿಮಾನದಲ್ಲಿ ಓಡಾಡೋರಿಗೆ, ಮಂತ್ರಿಗಳಿಗೆ, ನಮ್ಮ ನಿಮ್ಮ ಮನೆಗೆ. ಮಂಗನ ಕಾಯಿಲೆ ಒಂದೇ ಒಂದು ವರ್ಷ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಬಂದಿದ್ದರೆ ಏನಾಗ್ತಿತ್ತು ಅಂತ ಯೋಚನೆ ಮಾಡಿ ನೋಡಿ.

ರಾಜಕೀಯ ಶಕ್ತಿ ಇರಲಿಲ್ಲ ಅನ್ನೋಕೂ ಆಗಲ್ಲ. ಸೊರಬ ಕ್ಷೇತ್ರದಿಂದ ಎಸ್. ಬಂಗಾರಪ್ಪ, ಶಿಕಾರಿಪುರ ಕ್ಷೇತ್ರದಿಂದ ಬಿ.ಎಸ್. ಯಡಿಯೂರಪ್ಪ, ಅಕ್ಕಪಕ್ಕದ ಎರಡು ತಾಲ್ಲೂಕಿನಿಂದ ಇಬ್ಬರು ಮುಖ್ಯಮಂತ್ರಿಗಳು. ಯಾವುದೇ ಪಕ್ಷದ ಮೇಲೆ ಹೇಳ್ತಿಲ್ಲ. ರಸ್ತೆ, ಕಾಲೇಜು, ನೀರಾವರಿ ಇವೆಲ್ಲ ಕಣ್ಣಿಗೆ ಕಾಣುತ್ತೆ, ಮತ ತರುತ್ತೆ. ಬರದೇ ಹೋದ ಕಾಯಿಲೆಗೆ ಯಾರೂ ಮತ ಹಾಕಲ್ಲ. ಆದ್ದರಿಂದ ಈ ಕಾಯಿಲೆಗೆ ಯಾವಾಗಲೂ ಬೇಸಿಗೆಯಲ್ಲಿ ಸಭೆ, ಮಳೆ ಬಂದ ಮೇಲೆ ಮರೆವು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆ, 2019ರ ಮೊದಲ ತಿಂಗಳುಗಳಲ್ಲಿ ಸಾಲು ಸಾಲಾಗಿ ಸಾವು ಆದಾಗ ಟಿವಿಯವರು, ಮಂತ್ರಿಗಳು ಎಲ್ಲ ಬಂದರು. ಮಳೆ ಬಂತು.

ಇದೇ ಸೀಮೆಯ ಇನ್ನೊಂದು ಊರಿನ ಹೆಸರೂ ಕಾಯಿಲೆಗೆ ಅಂಟಿದೆ, ಹಂದಿಗೋಡು. ಅದೂ ಸಾಗರ ತಾಲ್ಲೂಕು. 1970ರ ದಶಕದಲ್ಲಿ ಬೆಳಕಿಗೆ ಬಂದದ್ದು. ಸೊಂಟ, ಮಂಡಿಯ ಕೀಲುಗಳು ಹಾಳಾಗಿ ನಡೆಯೋಕೇ ಆಗದ ಹಾಗೆ ಮಾಡೋ ವಂಶಪಾರಂಪರ್ಯ ಕಾಯಿಲೆ. ಕಂಡದ್ದು ಹೆಚ್ಚಾಗಿ ಚನ್ನಂಗಿ, ಚಲವಾದಿ ಸಮುದಾಯಗಳ ಬಡ ಕುಟುಂಬಗಳಲ್ಲಿ. ಅಲ್ಲಿಗೂ ತಂಡಗಳು ಬಂದವು, ರಕ್ತ ತೆಗೆದುಕೊಂಡರು, ಎಕ್ಸ್‌ರೇ ತೆಗೆದರು, ಪ್ರಬಂಧಗಳು ಪ್ರಕಟವಾದವು. ಹಾಸಿಗೆ ಹಿಡಿದವರ ಊಟದ ದಾರಿ ಮಾತ್ರ ಅವರವರೇ ನೋಡಿಕೊಳ್ಳಬೇಕಾಯ್ತು. ಅದರ ಬಗ್ಗೆ ಬೇರೆಯದೇ ಲೇಖನ ಬೇಕು.

ಮಂಗನ ಕಾಯಿಲೆ ಬಂದವರಿಗೆ ಏನಾಗುತ್ತೆ? ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆ ಸಿಡಿಯೋ ಹಾಗೆ ನೋವು, ಮೈಕೈ ನೋವು, ಕಣ್ಣು ಕೆಂಪು, ವಾಂತಿ. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಒಂದೆರಡು ವಾರಕ್ಕೆ ಕಡಿಮೆ ಆಯ್ತು ಅನ್ನಿಸಿ, ಕೆಲವರಿಗೆ ಮತ್ತೆ ಜ್ವರ ಬಂದು ಮೆದುಳಿಗೆ ತೊಂದರೆ ಆಗುತ್ತೆ. ಇದಕ್ಕೇ ಅಂತ ಔಷಧಿ ಇಲ್ಲ, ಬೇಗ ಗುರುತಿಸಿ ದೇಹಕ್ಕೆ ಆಸರೆ ಕೊಡೋ ಚಿಕಿತ್ಸೆ ಮಾಡಬೇಕು. ಬದುಕಿದವರಿಗೂ ವಾರಗಟ್ಟಲೆ ನಿಶ್ಶಕ್ತಿ. ಚಿಕಿತ್ಸೆ ಉಚಿತ ಅಂತ ಸರ್ಕಾರ ಹೇಳಿದೆ. ಆದರೆ ರಕ್ತದ ಮಾದರಿ ಶಿವಮೊಗ್ಗದ ಲ್ಯಾಬಿಗೆ ಹೋಗಿ ಬರೋ ತನಕ ಕಾಯೋದು, ಜೋರಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗೋದು, ಜೊತೆಗೆ ಹೋದವರ ಊಟ, ಬಸ್ಸು, ಅವರ ಕೂಲಿ, ಕೊಟ್ಟಿಗೆಯಲ್ಲಿ ಹಾಲು ಕರೆಯೋಕೆ ಯಾರೂ ಇಲ್ಲದ್ದು, ಇದ್ಯಾವುದೂ ‘ಉಚಿತ’ದ ಲೆಕ್ಕದಲ್ಲಿ ಬರಲ್ಲ.

ಸರಿ, ಇದಕ್ಕೂ ಇಂಜಿನಿಯರಿಂಗ್ ಕಾಲೇಜಿಗೂ ಏನು ಸಂಬಂಧ? ನಮ್ಮ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಎಲ್ಲದಕ್ಕೂ ಒಂದು ಆ್ಯಪ್ ಇರುತ್ತೆ. ಮಂಗನ ಕಾಯಿಲೆಗೂ ಯಾರಾದರೂ ಮಾಡೇ ಮಾಡ್ತಾರೆ: ಉಪಗ್ರಹದ ಚಿತ್ರ, ಮಷೀನ್ ಲರ್ನಿಂಗ್, ಕೆಂಪು ಹಳದಿ ಹಸಿರು ಬಣ್ಣದ ನಕ್ಷೆ. ಆರೋಗ್ಯ ಇಲಾಖೆಗೆ ಅದರಿಂದ ಉಪಯೋಗ ಇದೆ, ನಗೋ ವಿಷಯ ಅಲ್ಲ. ಆದರೆ ಆ ಆ್ಯಪ್ ಕೊನೆಗೆ ಕೂಲಿ ಹೆಂಗಸಿಗೆ ಕಳಿಸೋ ಸಂದೇಶ ಏನು? ‘ನಿಮ್ಮ ಪ್ರದೇಶ ಅಪಾಯದಲ್ಲಿದೆ, ಕಾಡಿಗೆ ಹೋಗಬೇಡಿ.’ ಆಟೋದ ಮೈಕು ಹೇಳಿದ್ದನ್ನೇ ಮೊಬೈಲ್ ಹೇಳುತ್ತೆ.

ನನಗೆ ಆಸೆ ಇರೋದು ಸ್ವಲ್ಪ ಮಂಕಾದ, ಪ್ರೈಜ್ ಬರದ ಕೆಲಸಗಳ ಮೇಲೆ. ದರಗು ಬೇಕಾಗಿರೋದು ಗೊಬ್ಬರಕ್ಕೆ ತಾನೇ? ಇನ್ನೊಂದು ಕಡೆ ಶಿಕಾರಿಪುರ, ಶಿವಮೊಗ್ಗ ಕಡೆ ಸುಲಿದ ಅಡಿಕೆ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಾಕ್ತಾರೆ, ಆ ಹೊಗೆಯಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು. ಸಿಪ್ಪೆಯಲ್ಲಿ ಲಿಗ್ನಿನ್ ಜಾಸ್ತಿ, ಅದಕ್ಕೇ ಬೇಗ ಕೊಳೆಯಲ್ಲ. ಅದನ್ನು ಸಣ್ಣಗೆ ಪುಡಿ ಮಾಡೋ, ಹಳ್ಳಿಯ ಸೊಸೈಟಿ ಕೊಂಡುಕೊಳ್ಳೋ ಬೆಲೆಯ ಯಂತ್ರ ಸಿಕ್ಕಿದರೆ, ಸೂಕ್ಷ್ಮಜೀವಿ ಬೆರೆಸಿ ಕಾಂಪೋಸ್ಟ್ ಮಾಡಬಹುದು. ತೋಟಕ್ಕೆ ಬೇಕಾದ ದರಗಿನಲ್ಲಿ ಅರ್ಧ ಕಡಿಮೆಯಾದರೂ ಉಣುಗಿನ ಜೊತೆ ಕೂರೋ ದಿನಗಳು ಅರ್ಧ ಆಗುತ್ತೆ. ಮೆಕ್ಯಾನಿಕಲ್‌ನವರೇ, ಇದು ನಿಮ್ಮ ಸಿಲೆಬಸ್ ಅಲ್ವಾ? ಅಡಿಕೆ ಬೇಯಿಸೋ ಒಲೆ ಇನ್ನೊಂದು. ಐಐಎಸ್ಸಿಯವರು ಎಷ್ಟೋ ವರ್ಷಗಳ ಹಿಂದೆ ಅಸ್ತ್ರ ಒಲೆ ಮಾಡಿ ಕಡಿಮೆ ಸೌದೆಯಲ್ಲಿ ಅಡುಗೆ ಆಗುತ್ತೆ ಅಂತ ತೋರಿಸಿದರು. ಬೇಕಾಗೋ ಸೌದೆ ಕಡಿಮೆಯಾದಷ್ಟೂ ಕಾಡಿಗೆ ಹೋಗೋ ಸಲಗಳು ಕಡಿಮೆ. ನಿಂತೇ ಎಲೆ ಬಾಚೋ ಉದ್ದ ಹಿಡಿಯ ಹಗುರ ಬಾಚಣಿಗೆ ಕೂಡ ಸಾಕು, ಕೂರೋದು ತಪ್ಪುತ್ತೆ.

ಇನ್ನು ಸರ್ಕಾರ ಮಾಡಬೇಕಾದ್ದು ಒಂದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಕಾಡಿಗೆ ಹೋಗಬೇಡಿ ಅಂತ ಹೇಳೋ ತಿಂಗಳುಗಳಲ್ಲಿ, ಹೇಳೋ ಹಳ್ಳಿಗಳಲ್ಲಿ, ಉದ್ಯೋಗ ಖಾತ್ರಿ ಕೆಲಸವನ್ನು ಮೊದಲ ಆದ್ಯತೆ ಮಾಡಿ ಕೊಡಬೇಕು. ಕೆರೆ ಹೂಳು, ಕಾಂಪೋಸ್ಟ್ ಗುಂಡಿ, ಯಾವುದಾದರೂ ಸರಿ, ಕಾಡಿನಿಂದ ಆಚೆ, ಕೂಲಿ ಆಯಾ ವಾರವೇ ಕೈಗೆ ಸಿಗೋ ಹಾಗೆ. ಮಂಗ ಸತ್ತ ಜಾಗದ ಸುತ್ತ 5 ಕಿ.ಮೀ. ಅಂತ ಲಸಿಕೆಗೆ ಗೆರೆ ಎಳೀತಿದ್ದರಲ್ಲ, ಅದೇ ಗೆರೆಯೊಳಗೆ ಕೂಲಿಯನ್ನೂ ಕೊಡಿ. ಇದಕ್ಕೆ ದುಡ್ಡೆಲ್ಲಿ ಅಂತ ಕೇಳೋರು ಒಬ್ಬ ರೋಗಿಯ ಐಸಿಯು ಬಿಲ್ ನೋಡಲಿ. ಮತ್ತೆ ಈ ಎಲ್ಲ ಕೆಲಸವನ್ನೂ ಹಳ್ಳಿಯಲ್ಲಿ ಕೊನೆಗೆ ಮಾಡೋದು ಆಶಾ ಕಾರ್ಯಕರ್ತೆ. ಜ್ವರ ಬಂದವರ ಪಟ್ಟಿ, ಎಣ್ಣೆ ಹಂಚೋದು, ಮಂಗ ಸತ್ತ ಸುದ್ದಿ ತಿಳಿಸೋದು. ಅವರು 2025ರ ಜನವರಿಯಲ್ಲಿ ತಿಂಗಳ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರಬೇಕಾಯ್ತು. ಉಣುಗಿನ ಕಾಲವೂ ಅದೇ.

ಈ ರಜೆಗೆ ಶಿಕಾರಿಪುರ, ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಊರಿಗೆ ಹೋಗೋರು ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಡೆಪಾ ಎಣ್ಣೆ ಬಂದಿದೆಯಾ ಅಂತ ಕೇಳಿ. ಡಿಆರ್‌ಡಿಒ ಲ್ಯಾಬಿನಲ್ಲಿ ತಯಾರಾದ, ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳೋ ಎಣ್ಣೆ ಅದು, ಕಾಡಂಚಿನ ಜನಕ್ಕೆ ಉಚಿತವಾಗಿ ಕೊಡಬೇಕು. ಬಂದಿದ್ದರೆ ತೋಟಕ್ಕೆ ಕೆಲಸಕ್ಕೆ ಬರೋರ ಮನೆಗೂ ತಲುಪಿದೆಯಾ ನೋಡಿ, ಬರೀ ಮಾಲೀಕರ ಮನೆ ಜಗುಲಿಯಲ್ಲಿ ಕೂತಿರಬಾರದು. ಬಂದಿಲ್ಲ ಅಂದರೆ ಯಾವಾಗ ಬರುತ್ತೆ ಅಂತ ಬರವಣಿಗೆಯಲ್ಲಿ ಕೇಳಿ, ಒಂದು ಅರ್ಜಿ ಬರೆಯೋಕೆ ಹತ್ತು ನಿಮಿಷ. ಯಾರಿಗಾದರೂ ಜೋರು ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ, ಕಾಡಿಗೆ ಹೋಗಿದ್ದ ವಿಷಯವನ್ನು ಅವರು ಕೇಳದೆ ಇದ್ದರೂ ಮೊದಲೇ ಹೇಳೋಕೆ ಹೇಳಿ. ಎಣ್ಣೆ ಬಂದಿದೆಯೋ ಇಲ್ಲವೋ ಅನ್ನೋ ಉತ್ತರವನ್ನು ನಮ್ಮ ಕನ್ನಡ ಸಂಘಕ್ಕೆ ಕಳಿಸಿ, ಊರಿನ ಹೆಸರು ಸಮೇತ. ಎಷ್ಟು ಊರುಗಳ ಉತ್ತರ ಬರುತ್ತೋ ಅಷ್ಟನ್ನೂ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.